ರೊಟ್ಟಿ ಮೆಕ್ಸಿಕೋದ್ದಲ್ಲ, ಮಾತು ನಮ್ಮದಲ್ಲ, ಬಿಲ್ಲು ಮಾತ್ರ ನಮ್ಮದು!

ಅಕ್ಕನ ಮಗಳಿಗೆ ಮೊದಲ ಸಂಬಳ ಬಂತು. ಗದಗದಿಂದ ಅವ್ವನನ್ನು ಕರೆಸಿಕೊಂಡಳು. ‘ಮಾಮಾ, ಭಾನುವಾರ ನೀನೂ ಬಾ. ಅವ್ವಗ ಹೊಸಾ ಊಟ ತೋರಸೋಣ. ಬಿಲ್ ನಂದು’ ಅಂದಳು. ಬಿಟ್ಟಿ ಊಟ ಯಾರು ಬಿಡುತ್ತಾರೆ? ಹೋದೆ.

ಬೆಂಗಳೂರಿನ ಒಂದು ದೊಡ್ಡ ರಸ್ತೆ, ಅಲ್ಲೊಂದು ಮೆಕ್ಸಿಕನ್ ಹೋಟೆಲು. ಹೆಸರು ಬೇಡ. ಇಂಥವು ಊರ ತುಂಬ ಇವೆ. ಒಂದನ್ನು ಬೈದರೆ ಉಳಿದವರು ತಾವು ಸಾಚಾ ಅಂದುಕೊಂಡಾರು. ಬಾಗಿಲ ಮೇಲೆ ದೊಡ್ಡ ಬೋರ್ಡು, ಅದರಲ್ಲಿ ದಪ್ಪ ಕನ್ನಡ ಅಕ್ಷರ. ಖುಷಿಯಾಯಿತು. 2024ರಲ್ಲಿ ಬೋರ್ಡಿನ ಶೇಕಡ 60 ಭಾಗ ಕನ್ನಡದಲ್ಲಿರಬೇಕು ಎಂದು ಸರ್ಕಾರ ಕಾನೂನು ಮಾಡಿತಲ್ಲ, ಅದರ ಪ್ರತಾಪ. ಒಳಗೆ ಹೋಗಿ ಕೂತ ಮೇಲೆ ಗೊತ್ತಾಯಿತು: ಕನ್ನಡವನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದ್ದಾರೆ, ಒಳಗೆ ಬಿಟ್ಟಿಲ್ಲ.

ಮೆನುವಿನಲ್ಲಿ ಒಂದಕ್ಷರ ಕನ್ನಡವಿಲ್ಲ. ಗೋಡೆಯ ಮೇಲೆ ಸ್ಪ್ಯಾನಿಷ್ ಗಾದೆ, ಸ್ಪೀಕರಿನಲ್ಲಿ ಇಂಗ್ಲಿಷ್ ಹಾಡು. ಅಕ್ಕ ಬಸ್ಸಿನಲ್ಲಿ ಬಂದು ಗಂಟಲು ಕೆಡಿಸಿಕೊಂಡಿದ್ದಳು. ‘ತಮ್ಮಾ, ಒಂದೀಟು ಬಿಸಿನೀರು ಕೊಡಪಾ’ ಅಂದಳು. ಆ ಹುಡುಗ ನಕ್ಕು ‘ಸಾರಿ ಮ್ಯಾಮ್, ಇಂಗ್ಲಿಷ್ ಆರ್ ಹಿಂದಿ?’ ಅಂದ. ಅಕ್ಕ ಮತ್ತೆ ಕೇಳಿದಳು. ಅವನು ಮತ್ತೆ ನಕ್ಕ. ಆಮೇಲೆ ಎರಡು ಬಾಟಲಿ ತಣ್ಣನೆ ನೀರು ತಂದು, ನಾವು ಹೂಂ ಅನ್ನುವ ಮೊದಲೇ ಸೀಲು ಮುರಿದ. ಒಂದಕ್ಕೆ 90 ರೂಪಾಯಿ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಹೆಂಗಸು, ತನ್ನ ರಾಜಧಾನಿಯಲ್ಲಿ ನೀರು ಕೇಳಲು ಬಾರದವಳಂತೆ ತಲೆ ತಗ್ಗಿಸಿ ಕೂತಳು.

ಬೀನ್ಸ್ ಕೇಳಿದರೆ ಕೋಳಿ!

ನೀರು ಹಾಳಾಗಲಿ. ಅಕ್ಕ ಹುಟ್ಟಿದಾರಭ್ಯ ಮಾಂಸ ಮುಟ್ಟಿದವಳಲ್ಲ. ಮೆನುವಿನಲ್ಲಿ ಹಸಿರು ಚುಕ್ಕೆ ಇದ್ದ ಬೀನ್ಸ್ ಬರಿಟೊ ಆರಿಸಿದೆವು. ‘ಇದರಾಗ ಏನೇನ್ ಹಾಕ್ಯಾರ, ಕೇಳವಾ’ ಅಂದಳು ಮಗಳಿಗೆ. ಕೇಳಬೇಕಾದ ಪ್ರಶ್ನೆಯೇ. ಮೆಕ್ಸಿಕೋದ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸಿ ಅರೆದು ಹುರಿಯುವುದು ಬಹಳ ಕಡೆ ಹಂದಿಯ ಕೊಬ್ಬಿನಲ್ಲಿ. ‘ಯಾವ ಎಣ್ಣೆ?’ ಎಂದು ಇಂಗ್ಲಿಷಿನಲ್ಲೇ ಕೇಳಿದೆವು. ಹುಡುಗ ‘ಯೆಸ್ ಸರ್, ಗುಡ್ ಸರ್’ ಅಂದ. ಅವನಿಗೆ ಇಂಗ್ಲಿಷೂ ಅಷ್ಟಕ್ಕಷ್ಟೇ.

ಐವತ್ತು ನಿಮಿಷ ಕಾದೆವು. ಮೊದಲು ನನ್ನ ಎಂಚಿಲಾಡ ಬಂತು. ಅದು ಆರಿ ಹಿಟ್ಟಾದ ಮೇಲೆ ಹುಡುಗಿಯ ಟ್ಯಾಕೊ ಬಂತು. ಕೊನೆಗೆ ಅಕ್ಕನ ಬರಿಟೊ. ಹುಡುಗಿ ಜಾಣೆ. ಅವ್ವ ಬಾಯಿಗಿಡುವ ಮೊದಲು ಚಾಕುವಿನಿಂದ ಕೊಯ್ದು ನೋಡಿದಳು. ಒಳಗೆ ಕೋಳಿ!

ಅಕ್ಕ ಕೈ ಹಿಂದಕ್ಕೆಳೆದುಕೊಂಡಳು. ಮ್ಯಾನೇಜರ್ ಬಂದ. ‘ಇಟ್ಸ್ ಓಕೆ ಮ್ಯಾಮ್, ವಿ ವಿಲ್ ರೀಪ್ಲೇಸ್’ ಅಂದ. ಯಾರಿಗಯ್ಯಾ ಓಕೆ? ಮೊದಲ ಸಂಬಳದಲ್ಲಿ ಅವ್ವನಿಗೆ ಊಟ ಹಾಕಿಸಲು ಬಂದ ಹುಡುಗಿಯ ಕಣ್ಣಲ್ಲಿ ನೀರು ತುಂಬಿದೆ, ಇವನಿಗೆ ಓಕೆ! ಬದಲಿ ಪ್ಲೇಟು ಮತ್ತೆ ಇಪ್ಪತ್ತು ನಿಮಿಷಕ್ಕೆ ಬಂತು. ಅಕ್ಕ ಮುಟ್ಟಲಿಲ್ಲ. ಬ್ಯಾಗಿನಿಂದ ಎರಡು ಚಕ್ಕುಲಿ ತೆಗೆದು ತಿಂದಳು.

ಭಾಷೆಯ ಮಾತೆತ್ತಿದರೆ ಕೆಲವರು ಮೂಗು ಮುರಿಯುತ್ತಾರೆ. ‘ಊಟಕ್ಕೆ ಬಂದವರಿಗೆ ಭಾಷೆ ಯಾಕೆ?’ ಅನ್ನುತ್ತಾರೆ. ಇದಕ್ಕೇ ಸ್ವಾಮಿ! ತಟ್ಟೆಯೊಳಗೆ ಏನಿದೆ ಎಂದು ತಿಳಿಯಲು. ಮೆಕ್ಸಿಕೋದ ಮೋಲೆ ಎಂಬ ಗಸಿಗೆ ಅನೇಕ ಕಡೆ ಕಡಲೆಕಾಯಿ ಅರೆದು ಹಾಕುತ್ತಾರೆ. ಕಡಲೆಕಾಯಿ ಆಗದ ಮಗುವಿನ ತಾಯಿ ಕನ್ನಡದಲ್ಲಿ ಕೇಳಿದರೆ ಉತ್ತರ ಯಾರು ಕೊಡುತ್ತಾರೆ? ಮಗು ಉಸಿರಿಗೆ ಒದ್ದಾಡುವಾಗಲೂ ‘ಇಟ್ಸ್ ಓಕೆ ಮ್ಯಾಮ್’ ಅನ್ನುತ್ತಾರೋ?

ಪಾಪ, ಮೆಕ್ಸಿಕೋ!

ಇನ್ನು ಅಡುಗೆಯ ವಿಷಯ. ಮೆಕ್ಸಿಕೋ ಊಟ ಕೆಟ್ಟದ್ದು ಎಂದು ಯಾರೂ ತಿಳಿಯಬೇಡಿ. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಅದು ನೆಂಟರ ಮನೆ ಊಟ. ಸುಮಾರು 9,000 ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ಕಣಿವೆಯ ಜನ ಒಂದು ಕಾಡುಹುಲ್ಲನ್ನು ಪಳಗಿಸಿ ಮೆಕ್ಕೆಜೋಳ ಮಾಡಿಕೊಂಡರು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಸಿಪ್ಪೆ ಉಜ್ಜಿ ತೆಗೆದು, ಕಲ್ಲಿನ ಮೇಲೆ ಅರೆದು, ಮುದ್ದೆ ಕಟ್ಟಿ ತಟ್ಟಿ, ಹಂಚಿನ ಮೇಲೆ ಸುಡುತ್ತಾರೆ. ಅದೇ ಟೋರ್ಟಿಯಾ. ಬೆಂದಾಗ ನಮ್ಮ ರೊಟ್ಟಿಯ ಹಾಗೆ ಉಬ್ಬುತ್ತದೆ.

ಆ ಸುಣ್ಣ ಸುಮ್ಮನೆ ಅಲ್ಲ. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದು ಸುಣ್ಣದ ದೆಸೆಯಿಂದ. ಯುರೋಪಿನವರು ಜೋಳವನ್ನು ಹಡಗಿಗೆ ಹೇರಿಕೊಂಡು ಹೋದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. ಜೋಳವೊಂದನ್ನೇ ತಿಂದು ಬದುಕಿದ ಇಟಲಿಯ ಬಡವರು ಪೆಲಾಗ್ರ ಎಂಬ ರೋಗದಿಂದ ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಅಡುಗೆಯನ್ನು ಅದರ ಜನರಿಂದ ಕಿತ್ತುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ನಮ್ಮ ಮೆನುವಿನಲ್ಲಿ ಏನು ಬರೆದಿತ್ತು? ‘ಕೈಯಲ್ಲಿ ತಟ್ಟಿದ ಜೋಳದ ಟೋರ್ಟಿಯಾ.’ ತಟ್ಟೆಗೆ ಬಂದದ್ದು ಪ್ಯಾಕೆಟ್ಟಿನ ಗಟ್ಟಿ ಚಿಪ್ಪು. ಕಚ್ಚಿದರೆ ಪಟಾರ್ ಎಂದು ಮುರಿದು ಸಾಸೆಲ್ಲ ಮಡಿಲಿಗೆ ಬಿತ್ತು. ‘ಇದೇನ್ ರೊಟ್ಟಿಯೋ, ಹಪ್ಪಳಾನೋ?’ ಅಂದಳು ಅಕ್ಕ. ಅಂಥ ಚಿಪ್ಪನ್ನು ಜಗತ್ತಿಗೆಲ್ಲ ಹಂಚಿದ್ದು ಅಮೆರಿಕದ ಫಾಸ್ಟ್‌ಫುಡ್ ಕಂಪನಿಗಳು. ಗ್ವಾಕಮೊಲೆ ಅಂದರೆ ಬೆಣ್ಣೆಹಣ್ಣಿನ ಗೊಜ್ಜು. ಕೊಡಗಿನಲ್ಲಿ ಮರದ ತುಂಬ ಬಿಡುವ ಹಣ್ಣು ಅದು. ಇವರು ಕೊಟ್ಟದ್ದು ಕಂದು ಬಣ್ಣಕ್ಕೆ ತಿರುಗಿದ ಹುಳಿ ಪೇಸ್ಟು. ಖಾರ ಎಲ್ಲಿ? ಮೆಣಸಿನಕಾಯಿ ಪೋರ್ಚುಗೀಸರ ಕೈಯಿಂದ ನಮಗೆ ಬಂದದ್ದು ಅದೇ ಅಮೆರಿಕ ಖಂಡದಿಂದ. ಬ್ಯಾಡಗಿಯ ನಾಡಿನಲ್ಲಿ ಕೂತು ಮೆಕ್ಸಿಕೋ ಹೆಸರಿನಲ್ಲಿ ಸಿಹಿ ಕೆಚಪ್ ಬಡಿಸುತ್ತಾರಲ್ಲ, ಇವರ ಧೈರ್ಯ ಮೆಚ್ಚಬೇಕು.

ಸಾಮಾನು ಸಿಗುವುದಿಲ್ಲ ಎಂಬ ನೆಪ ಬೇಡ. ದಾವಣಗೆರೆ, ಹಾವೇರಿಯ ಹೊಲಗಳ ತುಂಬ ಮೆಕ್ಕೆಜೋಳ ಬೆಳೆದು ಕೋಳಿ ಆಹಾರಕ್ಕೆ ಹೋಗುತ್ತಿದೆ. ತಳಿ ಬೇರೆ ಇರಬಹುದು, ಸರಿ. ಬೇಕಾದ ತಳಿ ತರಿಸುವವರು ಈ ಊರಲ್ಲೇ ಇದ್ದಾರೆ. ಇವರಿಗೆ ಇಲ್ಲದ್ದು ಕಲಿಯುವ ಮನಸ್ಸು.

ಮೆಕ್ಸಿಕೋದವರು ತಮ್ಮ ರೊಟ್ಟಿಗೆ ಎಷ್ಟು ಬೆಲೆ ಕೊಡುತ್ತಾರೆ ಗೊತ್ತೇ? 2007ರ ಜನವರಿಯಲ್ಲಿ ಟೋರ್ಟಿಯಾ ಬೆಲೆ ಏರಿದಾಗ ಹತ್ತಾರು ಸಾವಿರ ಜನ ಮೆಕ್ಸಿಕೋ ನಗರದ ಬೀದಿಗಿಳಿದರು. 2010ರಲ್ಲಿ ಅವರ ಅಡುಗೆಯನ್ನು ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 2025ರಲ್ಲಿ ಕುಲಾಂತರಿ ಮೆಕ್ಕೆಜೋಳ ಬಿತ್ತಬಾರದೆಂದು ಸಂವಿಧಾನಕ್ಕೇ ತಿದ್ದುಪಡಿ ತಂದರು. ಮಾತಿನ ವಿಷಯದಲ್ಲೂ ಹಾಗೆ. 2003ರ ಕಾನೂನು ಅಲ್ಲಿನ ಮೂಲನಿವಾಸಿಗಳ ಭಾಷೆಗಳನ್ನು ಸ್ಪ್ಯಾನಿಷ್ ಜೊತೆಗೆ ರಾಷ್ಟ್ರಭಾಷೆಗಳೆಂದು ಒಪ್ಪಿತು. ಅದರಲ್ಲೊಂದು ನಾವಾಟ್ಲ್. ನಾವು ದಿನಾ ಅನ್ನುವ ಟೊಮೆಟೊ, ಅವಕಾಡೊ ಎಂಬ ಮಾತುಗಳ ಬೇರು ಆ ಭಾಷೆಯಲ್ಲಿದೆ. ರೊಟ್ಟಿಯನ್ನೂ ಮಾತನ್ನೂ ಹೀಗೆ ಕಾಯ್ದುಕೊಂಡ ಜನರ ಹೆಸರು ಹಾಕಿಕೊಂಡು ಇವರು ನಡೆಸುವ ದಂಧೆ ಇದು. ಅವರ ರೊಟ್ಟಿಗೆ ಮರ್ಯಾದೆ ಕೊಡದವರು ನಮ್ಮ ಮಾತಿಗೆ ಕೊಟ್ಟಾರೆಯೇ?

ಬೈಯಬೇಕಾದವನು ಯಾರು?

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಕೆಲವು ಹುಡುಗರು ಇಂಥ ಕಡೆ ಹೋಗಿ ತಟ್ಟೆ ತರುವ ಹುಡುಗನ ಕಾಲರ್ ಹಿಡಿಯುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ತಪ್ಪು. ನಮಗೆ ಬಡಿಸಿದ ಹುಡುಗ ಅಸ್ಸಾಮಿನವನು. ಬಂದು ಎರಡು ತಿಂಗಳಾಗಿತ್ತು. ‘ನೀರು, ಬಿಸಿ, ಖಾರ, ಬೇಕು, ಸಾಕು’ ಎಂಬ ಐದು ಮಾತನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅಕ್ಕನೇ ಹೇಳಿಕೊಟ್ಟಳು. ಒಂದು ನಿಮಿಷದಲ್ಲಿ ಕಲಿತ.

ಇನ್ನೊಬ್ಬನಿದ್ದ. ಎಂಜಲು ತಟ್ಟೆ ಎತ್ತುವ ಹುಡುಗ. ಯಾರೂ ಕರೆಯದೆ ಬಂದು ಅಕ್ಕನ ಮುಂದೆ ಒಂದು ಲೋಟ ಬಿಸಿನೀರು ಇಟ್ಟ. ತಗ್ಗಿದ ದನಿಯಲ್ಲಿ, ‘ತಕಳಿ ಅಮ್ಮಾ. ಆಗ್ಲೇ ಕೇಳುಸ್ತು. ಗಿರಾಕಿಗಳ ಮುಂದೆ ಕನ್ನಡ ಮಾತಾಡ್ಬೇಡಿ ಅಂದವ್ರೆ’ ಅಂದ. ಮಂಡ್ಯ ಕಡೆಯವನು. ಇಡೀ ಹೋಟೆಲಿನಲ್ಲಿ ಅಕ್ಕನ ಮಾತು ತಿಳಿದವನು ಒಬ್ಬನೇ, ಅವನ ಬಾಯಿಗೆ ಬೀಗ!

ಅಸ್ಸಾಮಿನ ಹುಡುಗನಿಗೆ ಕಲಿಸಲಿಲ್ಲ, ಮಂಡ್ಯದ ಹುಡುಗನಿಗೆ ಮಾತಾಡಲು ಬಿಡಲಿಲ್ಲ. ಎರಡೂ ತಪ್ಪು ಗಲ್ಲಾಪೆಟ್ಟಿಗೆಯ ಒಡೆಯನದು. ಕೇಳಬೇಕಾದದ್ದು ಅವನನ್ನು.

240 ರೂಪಾಯಿ ಯಾವ ಸೇವೆಗೆ?

ಬಿಲ್ಲು ಬಂತು. ನ್ಯಾಚೊಸ್ 475, ಟ್ಯಾಕೊ 595, ಎಂಚಿಲಾಡ 585, ನೀರು 180. ಅಕ್ಕ ಮುಟ್ಟದ ಬರಿಟೊಗೂ 565. ಒಟ್ಟು 2,400. ಅದರ ಮೇಲೆ ಸೇವಾ ಶುಲ್ಕ ಶೇಕಡ 10, ಅಂದರೆ 240. ಇಷ್ಟರ ಮೇಲೆ ಶೇಕಡ 5 ಜಿಎಸ್‌ಟಿ 132. ಎಲ್ಲ ಸೇರಿ 2,772 ರೂಪಾಯಿ. ಮಾಡದ ಸೇವೆಗೆ ಶುಲ್ಕ, ಆ ಶುಲ್ಕಕ್ಕೊಂದು ತೆರಿಗೆ!

‘ಇದನ್ನು ತೆಗೆಯಿರಿ’ ಅಂದೆವು. ‘ಕಂಪನಿ ಪಾಲಿಸಿ ಸರ್’ ಅಂದ ಮ್ಯಾನೇಜರ್. ಹುಡುಗಿ ಕಣ್ಣೊರೆಸಿಕೊಂಡಳು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯನ್ನು ಫೋನಿನಲ್ಲಿ ತೆಗೆದು ತೋರಿಸಿದಳು. ಹೋಟೆಲಿನವರು ತಾವಾಗಿಯೇ ಸೇವಾ ಶುಲ್ಕ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಕೊಡುವುದು ಬಿಡುವುದು ಗಿರಾಕಿಯ ಇಷ್ಟ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಈ ಮಾರ್ಗಸೂಚಿಯನ್ನು ಎತ್ತಿ ಹಿಡಿಯಿತು. ‘1915ಕ್ಕೆ ಫೋನ್ ಮಾಡಲಾ?’ ಎಂದು ಕೇಳಿದಳು, ಕನ್ನಡದಲ್ಲಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು.

ಏನಾಶ್ಚರ್ಯ! ಮ್ಯಾನೇಜರಿಗೆ ಕನ್ನಡ ಬಂತು. ‘ಬೇಡ ಮೇಡಂ, ಸರಿ ಮಾಡ್ಕೊಡ್ತೀನಿ’ ಅಂದ. ಸೇವಾ ಶುಲ್ಕ ಹೋಯಿತು, ಬರಿಟೊ ಹೋಯಿತು. ಹೊಸ ಬಿಲ್ಲು 1,927 ರೂಪಾಯಿ. ಹುಡುಗಿ ಬಡಿಸಿದ ಹುಡುಗನ ಕೈಗೂ ತಟ್ಟೆ ಎತ್ತಿದವನ ಕೈಗೂ ನೂರು ನೂರು ಇಟ್ಟಳು. ಗಲ್ಲಾಪೆಟ್ಟಿಗೆಗೆ ಅಲ್ಲ.

ತಮ್ಮಂದಿರೇ, ತಂಗಿಯರೇ

ಹೊಸ ಊಟ ತಿನ್ನಬೇಡಿ ಎಂದು ನಾವು ಹೇಳುವುದಿಲ್ಲ. ತಿನ್ನಿ. ಮೆಕ್ಸಿಕೋದ್ದೂ ತಿನ್ನಿ, ಜಪಾನಿನದ್ದೂ ತಿನ್ನಿ. ದುಡಿದ ದುಡ್ಡು ನಿಮ್ಮದು. ಆದರೆ ದರ್ಶಿನಿಯಲ್ಲಿ ಚಟ್ನಿ ಹಳಸಿದ್ದರೆ ಜಗಳ ತೆಗೆಯುವ ನೀವು ಎಸಿ ಹೋಟೆಲಿನಲ್ಲಿ ಯಾಕೆ ಮೂಕರಾಗುತ್ತೀರಿ? ತಪ್ಪು ತಟ್ಟೆ ಬಂದರೂ ‘ಪರವಾಗಿಲ್ಲ’ ಅಂದು, ಬಿಲ್ಲು ನೋಡದೆ ಕಾರ್ಡು ಉಜ್ಜಿ ಯಾಕೆ ಬರುತ್ತೀರಿ? ಪಕ್ಕದ ಟೇಬಲಿನವರು ಏನಂದುಕೊಂಡಾರು ಎಂಬ ಭಯವೇ? ಆ ಭಯದ ಮೇಲೆಯೇ ಇವರ ವ್ಯಾಪಾರ ನಡೆಯುತ್ತಿರುವುದು.

ಮೊದಲ ಮಾತು ಕನ್ನಡದಲ್ಲಿ ಆಡಿ, ನಗುನಗುತ್ತಾ ಆಡಿ. ತಿಳಿಯದ ಹುಡುಗನಿಗೆ ಎರಡು ಮಾತು ಕಲಿಸಿ. ಕನ್ನಡದ ಮೆನು ಎಲ್ಲಿ ಎಂದು ಮ್ಯಾನೇಜರನ್ನು ಕೇಳಿ. ಏನು ಹಾಕಿದ್ದೀರಿ ಎಂದು ಕೇಳಿ, ಉತ್ತರ ಸಿಗುವ ತನಕ ಆರ್ಡರ್ ಕೊಡಬೇಡಿ. ಬಿಲ್ಲು ಸಾಲುಸಾಲಾಗಿ ಓದಿ.

ರಾತ್ರಿ ಮನೆಗೆ ಬಂದ ಮೇಲೆ ಅಕ್ಕ ಊರಿನಿಂದ ತಂದ ಗಂಟು ಬಿಚ್ಚಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮೂವರೂ ನೆಲದ ಮೇಲೆ ಕೂತು ಹೊಟ್ಟೆ ತುಂಬ ಉಂಡೆವು. ಹುಡುಗಿ ಇನ್ನೂ ಮುಖ ಸಣ್ಣಗೆ ಮಾಡಿಕೊಂಡೇ ಇದ್ದಳು. ‘ಇರಲಿ ಬಿಡವಾ’ ಅಂದಳು ಅಕ್ಕ, ‘ಮುಂದಿನ ತಿಂಗಳೂ ಪಗಾರ ಬರ್ತೈತಲ್ಲ. ಅಲ್ಲಿಗೇ ಹೋಗೋಣು. ಬಿಸಿನೀರು ನಾನ ಕೇಳ್ತೀನಿ.’