ವಹಮ್‌ಗೂ ಇಲಾಜ್ ಇದೆ

ನಮ್ಮ ಉರ್ದು ಮನೆಗಳಲ್ಲಿ ಒಂದು ಮಾತಿದೆ: ವಹಮ್‌ಗೆ ಹಕೀಮ್ ಲುಕ್ಮಾನರ ಬಳಿಯೂ ಮದ್ದಿಲ್ಲ. ವಹಮ್ ಎಂದರೆ ಇಲ್ಲದ್ದನ್ನು ಇದೆ ಎಂದುಕೊಳ್ಳುವ ಸಂಶಯ, ಭ್ರಮೆ. ಸೈಕೋಸಿಸ್ ಎಂಬ ಮನೋರೋಗದ ವಿಷಯದಲ್ಲಿ ಈ ಮಾತು ತಪ್ಪು, ಅಪಾಯಕಾರಿಯೂ ಹೌದು ಎಂದು ನನ್ನ ಅಭಿಪ್ರಾಯ.

ಈ ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ನಂತರ ಶುರುವಾಗುತ್ತದೆ. ಅಂದರೆ ಹೆಚ್ಚುಕಡಿಮೆ ನಮ್ಮ ವಯಸ್ಸಿನಲ್ಲೇ. ನಿದ್ದೆ ಕೆಡುತ್ತದೆ, ಗೆಳೆಯರು ಬೇಡವಾಗುತ್ತಾರೆ. ಹಿಂದಿನ ಬೆಂಚಿನವರು ನಕ್ಕರೆ ನನ್ನ ಬಗ್ಗೆಯೇ ಎನಿಸುತ್ತದೆ. ಇಂಥ ಅನುಮಾನ ಯಾರಿಗಾದರೂ ಬಂದು ಹೋಗಬಹುದು. ಕಾಯಿಲೆಯಲ್ಲಿ ಅದು ಅಲುಗಾಡದ ನಂಬಿಕೆಯಾಗುತ್ತದೆ.

1988ರಲ್ಲಿ ಹಕ್, ಗ್ಯಾರೆಟಿ, ಹೆಮ್ಸ್‌ಲಿ ಎಂಬ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಎರಡು ಜಾಡಿ. ಒಂದರಲ್ಲಿ ಒಂದು ಬಣ್ಣದ ಮಣಿ 85, ಬೇರೆ ಬಣ್ಣದ್ದು 15. ಇನ್ನೊಂದರಲ್ಲಿ ಉಲ್ಟಾ. ಒಂದೊಂದೇ ಮಣಿ ತೋರಿಸಿ, ಯಾವ ಜಾಡಿಯಿಂದ ಬರುತ್ತಿದೆ ಎಂದು ಕೇಳಿದರು. ಭ್ರಮೆ ಇದ್ದವರು ಉಳಿದವರಿಗಿಂತ ಕಡಿಮೆ ಮಣಿ ನೋಡಿ ಉತ್ತರ ಕೊಟ್ಟರು.

ಅವರು ದಡ್ಡರಲ್ಲ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಲೆಕ್ಕದಂತೆ ಒಂದೇ ಮಣಿ ನೋಡಿ ಹೇಳಿದರೂ ಸರಿಯಾಗುವ ಸಾಧ್ಯತೆ 85%. ಆದರೆ ಒಂದೇ ವೋಚರ್ ನೋಡಿ ಯಾರೂ ಆಡಿಟ್ ಮುಗಿಸುವುದಿಲ್ಲ. ಬೇಗ ತೀರ್ಮಾನಕ್ಕೆ ಬರುವ ಈ ರೀತಿ ಭ್ರಮೆ ಬೆಳೆಯಲು ಒಂದು ಕಾರಣವಿರಬಹುದು ಎನ್ನುತ್ತಾರೆ ತಜ್ಞರು. ಔಷಧಿಯ ಜೊತೆಗೆ, 'ಇದಕ್ಕೆ ಬೇರೆ ಕಾರಣವೂ ಇರಬಹುದೇ?' ಎಂದು ಯೋಚಿಸಲು ಕಲಿಸುವ ತರಬೇತಿಯೂ ಈಗ ಇದೆ.

ಆದರೆ ಮನೆಯವರು, ಗೆಳೆಯರು ಮಾಡುವುದೇನು? 'ಅಸರ್ ಆಗಿದೆ' ಎನ್ನುತ್ತೇವೆ. 'ಓದದೆ ನಾಟಕ' ಎನ್ನುತ್ತೇವೆ. ಇದೂ ಒಂದೇ ಮಣಿ ನೋಡಿ ಕೊಟ್ಟ ತೀರ್ಪೇ. ಅಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ.

ಆದ್ದರಿಂದ ಗೆಳೆಯರೇ, ಅಂಥವರೊಡನೆ ವಾದ ಬೇಡ, ನಗುವುದಂತೂ ಬೇಡವೇ ಬೇಡ. ವಾದದಿಂದ ಆ ನಂಬಿಕೆ ಹೋಗುವುದಿಲ್ಲ, ನಮ್ಮ ಮೇಲಿನ ವಿಶ್ವಾಸ ಹೋಗುತ್ತದೆ. 'ರಾತ್ರಿ ನಿದ್ದೆ ಬರುತ್ತಾ? ಭಯ ಆಗುತ್ತಾ?' ಎಂದು ಕೇಳೋಣ. ನಂಬಿಕೆಯ ಉಪನ್ಯಾಸಕರೊಬ್ಬರಿಗೆ, ಮನೆಯವರಿಗೆ ತಿಳಿಸೋಣ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನು ನಮ್ಮ ನೋಟಿಸ್ ಬೋರ್ಡಿನಲ್ಲಿ ಹಾಕಬೇಕೆಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ.

ದುವಾ ಖಂಡಿತ ಮಾಡೋಣ. ಅದೇ ವಾರ ಮನೋವೈದ್ಯರ ಬಳಿಗೂ ಕರೆದುಕೊಂಡು ಹೋಗೋಣ.