ಮೋರೇರ ಗುಡ್ಡ ಹತ್ತುವವರಲ್ಲಿ ಒಂದು ಬಿನ್ನಹ

ತಾಜಸುಲ್ತಾನಪುರದ, ಕಲಬುರಗಿಯ, ಕಮಲಾಪುರದ ಗೆಳೆಯರೇ,

ನಾಲ್ಕು ದಿನ ಮಳೆ ಹಿಡಿದರೆ ಸಾಕು, ನಮ್ಮ ಹುಡುಗರ ಬೈಕುಗಳು ಮಹಾಗಾಂವ ಕ್ರಾಸಿನಿಂದ ಚಿಂಚೋಳಿ ಕಡೆ ತಿರುಗುತ್ತವೆ. ಎತ್ತಿಪೋತೆ ಜಲಪಾತ ನೋಡಬೇಕು. ಹೋಗಲಿ, ಬಿಸಿಲು ನಾಡಿನವರಿಗೆ ಬೀಳುವ ನೀರು ಕಂಡರೆ ಹಬ್ಬವೇ. ಆದರೆ ಅಲ್ಲಿನ ಕಾಡು 2011ರಿಂದ ವನ್ಯಜೀವಿಧಾಮ. ನೀವು ಒಡೆದ ಬಾಟಲಿ ಚುಚ್ಚುವುದು ತಾಂಡಾದ ದನಗಾಹಿಯ ಬರಿಗಾಲಿಗೆ. ಇದನ್ನು ಹೇಳಿ ಹೇಳಿ ಸಾಕಾಗಿದೆ.

ಈಗ ಜಲಪಾತ ಮುಗಿಸಿದವರು ಗಂಗಾವತಿ ಕಡೆಯ ಹಿರೇಬೆಣಕಲ್ಲಿಗೂ ಹೊರಡುತ್ತಿದ್ದಾರೆ. ನನ್ನ ಚಿಂತೆ ಅದರದ್ದು. ಊರವರು ಮೋರೇರ ಗುಡ್ಡ ಎನ್ನುವ ಆ ಬೆಟ್ಟದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲುಮನೆ ಸಮಾಧಿಗಳಿವೆ. ಬಾರಿಸಿದರೆ ದೂರಕ್ಕೆ ಕೇಳುವ ನಗಾರಿ ಬಂಡೆಯಿದೆ. ಬಂಡೆಗಳ ಮರೆಯಲ್ಲಿ ಕೆಂಪು ಬಣ್ಣದ ಮನುಷ್ಯರು, ಜಿಂಕೆ, ಕುದುರೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದ ಜಾಗ.

ಚಿತ್ರ ಮಾಸಿದೆ, ಫೋಟೊದಲ್ಲಿ ಎದ್ದು ಕಾಣಲಿ ಎಂದು ಕೆಲವರು ನೀರು ಎರಚುತ್ತಾರೆ. ಆ ಗಳಿಗೆಗೆ ಕೆಂಪು ಹೊಳೆಯುವುದು ನಿಜ. ನೀರು ಆರಿದ ಮೇಲೆ ಅದರ ಉಪ್ಪು ಬಿಳಿ ಪೊರೆಯಾಗಿ ಚಿತ್ರದ ಮೇಲೆ ಕೂರುತ್ತದೆ. ಬೋರ್‌ವೆಲ್ ನೀರು ಬಕೆಟ್ಟಿಗೆ ಏನು ಮಾಡುತ್ತದೆಂದು ಕಲಬುರಗಿಯವರಿಗೆ ಬಿಡಿಸಿ ಹೇಳಬೇಕೆ? ಬಣ್ಣ ಏರಿಸಬೇಕಿದ್ದರೆ ಫೋನಿನಲ್ಲೇ ಏರಿಸಿ. ಸಂಶೋಧಕರು ಮಾಡುವುದೂ ಅದನ್ನೇ. ಅದಕ್ಕೆಂದೇ ಡಿಸ್ಟ್ರೆಚ್ ಎಂಬ ತಂತ್ರಾಂಶವಿದೆ. ಸೀಮೆಸುಣ್ಣದಿಂದ ಗೆರೆ ತೀಡಬೇಡಿ. ಬಂಡೆಯಡಿ ಒಲೆ ಹೂಡಬೇಡಿ, ಹೊಗೆಯ ಮಸಿ ಚಿತ್ರಕ್ಕೆ ಹತ್ತುತ್ತದೆ. ಇನ್ನು ಹೃದಯ ಕೆತ್ತಿ ಎರಡು ಹೆಸರು ಬರೆಯುವ ಪ್ರೇಮಿಗಳಿಗೆ: ರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಅಷ್ಟು ದುಬಾರಿ ಪ್ರೇಮ ಯಾರಿಗೂ ಬೇಡ.

ಊರವರ ಮಾತಿಗೂ ಬೆಲೆ ಕೊಡಿ. ಆಸ್ಟ್ರೇಲಿಯದ ಉಲುರು ಬಂಡೆ ಅಲ್ಲಿನ ಮೂಲನಿವಾಸಿ ಅನಂಗು ಜನರಿಗೆ ಪವಿತ್ರ. ಹತ್ತಬೇಡಿ ಎಂದು ಅವರು ದಶಕಗಳ ಕಾಲ ಕೇಳಿಕೊಂಡರು. 2019ರ ಅಕ್ಟೋಬರ್ 26ರಿಂದ ಹತ್ತುವುದು ನಿಂತಿತು. ನಮ್ಮಲ್ಲಿ ಕುರಿ ಕಾಯುವ ಅಜ್ಜ 'ಅದರ ತಂಟೆಗೆ ಹೋಗಬ್ಯಾಡ್ರಪ್ಪ' ಎಂದರೆ ನಗುತ್ತೇವೆ. ನಗುವ ಬದಲು ನಮಸ್ಕಾರ ಹೇಳಿ, ಅವರನ್ನೇ ದಾರಿ ತೋರಿಸಲು ಕರೆಯಿರಿ, ದಿನದ ಕೂಲಿ ಕೊಡಿ.

ಕಾವಲಿಲ್ಲದ ಯಾವುದೋ ಗುಡ್ಡದಲ್ಲಿ ಇಂಥ ಚಿತ್ರ ಕಂಡಿರೋ, ಲೊಕೇಶನ್ ಸಮೇತ ರೀಲ್ಸ್ ಹಾಕಲು ಹೋಗಬೇಡಿ. ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ. ಅವರು ಬಂದು ನೋಡಿಕೊಂಡು ಹೋದ ಮೇಲೆ ರೀಲ್ಸ್ ಹಾಕಿದರೂ, ಮೊದಲು ಕಂಡವರು ನೀವೇ.