ಹಣ್ಣಿನ ಗೋಡೆ, ತಳ್ಳುಗಾಡಿಯ ನಷ್ಟ

ಕಾಮರ್ಸ್ ಹುಡುಗಿಗೆ ಜೀವಕೋಶದ ಗೋಡೆಯ ಗೊಡವೆ ಏಕೆ ಎಂದು ವಿಜ್ಞಾನ ವಿಭಾಗದ ಸ್ನೇಹಿತರು ಕೇಳಬಹುದು. ಹಣ್ಣಿನ ವ್ಯಾಪಾರದ ಲಾಭ ನಷ್ಟವೆಲ್ಲ ನಿಂತಿರುವುದು ಆ ಗೋಡೆಯ ಮೇಲೆಯೇ ಎಂಬುದು ನನ್ನ ಉತ್ತರ.

ನಮ್ಮ ವ್ಯವಹಾರ ಅಧ್ಯಯನ ಪಠ್ಯದಲ್ಲಿ ವಿತರಣಾ ಮಾರ್ಗಗಳ ಪಾಠವಿದೆ. ಹಣ್ಣು, ತರಕಾರಿಯಂತಹ ಬೇಗ ಹಾಳಾಗುವ ಸರಕಿಗೆ ಚಿಕ್ಕ ಮಾರ್ಗ ಸೂಕ್ತ ಎಂದು ಅದು ಹೇಳುತ್ತದೆ. ಪರೀಕ್ಷೆಗೆ ಅಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಸರಕು ಏಕೆ ಹಾಳಾಗುತ್ತದೆ, ಆ ನಷ್ಟ ಯಾರ ಪಾಲಿಗೆ ಬರುತ್ತದೆ ಎಂದು ನಾವು ಕೇಳುವುದಿಲ್ಲ.

ಸಸ್ಯದ ಪ್ರತಿ ಜೀವಕೋಶದ ಸುತ್ತಲೂ ಒಂದು ಗಟ್ಟಿ ಗೋಡೆ ಇರುತ್ತದೆ. ಅದೇ ಕೋಶಭಿತ್ತಿ. ಸೆಲ್ಯುಲೋಸ್ ಎಳೆಗಳು ಅದರ ಕಂಬಿಗಳಿದ್ದಂತೆ, ಪೆಕ್ಟಿನ್ ಅದರ ಗಾರೆಯಿದ್ದಂತೆ. ಪಕ್ಕಪಕ್ಕದ ಕೋಶಗಳನ್ನು ಅಂಟಿಸಿ ಹಿಡಿಯುವುದೂ ಪೆಕ್ಟಿನ್. ಟೊಮೆಟೊ, ಮಾವು, ಬಾಳೆ ಮಾಗುವಾಗ ಕಾಯಿಯೊಳಗೆ ಎಥಿಲೀನ್ ಅನಿಲ ಹೆಚ್ಚುತ್ತದೆ. ಆಗ ಪಾಲಿಗ್ಯಾಲಕ್ಟುರೊನೇಸ್, ಪೆಕ್ಟೇಟ್ ಲೈಯೇಸ್ ಮುಂತಾದ ಕಿಣ್ವಗಳು ಪೆಕ್ಟಿನ್ನನ್ನು ಕತ್ತರಿಸುತ್ತವೆ. ಗಾರೆ ಸಡಿಲವಾಗಿ ಹಣ್ಣು ಮೆತ್ತಗಾಗುತ್ತದೆ. ಪ್ರಾಣಿ ಪಕ್ಷಿಗಳು ತಿಂದು ಬೀಜ ಹರಡಲು ಇದು ಬೇಕೇ ಬೇಕು.

ತೊಂದರೆ ಇರುವುದೂ ಇಲ್ಲಿಯೇ. ಬೂದು ಬೂಷ್ಟು ರೋಗ ತರುವ ಬಾಟ್ರೈಟಿಸ್ ಎಂಬ ಶಿಲೀಂಧ್ರ ಕೂಡ ಪೆಕ್ಟಿನ್ ಕತ್ತರಿಸುವ ಕಿಣ್ವಗಳನ್ನೇ ಬಳಸಿ ಒಳನುಗ್ಗುತ್ತದೆ. ಹಸಿರು ಕಾಯಿಯ ಗೋಡೆ ಅದನ್ನು ತಡೆಯುತ್ತದೆ. ಮುರಿದ ಪೆಕ್ಟಿನ್ ಚೂರುಗಳೇ ಗಿಡಕ್ಕೆ ಅಪಾಯದ ಸೂಚನೆ ಕೊಟ್ಟು ರಕ್ಷಣೆಯನ್ನು ಎಚ್ಚರಿಸಬಲ್ಲವು. ಮಾಗಿದ ಹಣ್ಣಿನಲ್ಲಿ ಮಾತ್ರ ಶತ್ರುವಿನ ಅರ್ಧ ಕೆಲಸವನ್ನು ಹಣ್ಣೇ ಮಾಡಿ ಮುಗಿಸಿರುತ್ತದೆ.

ನಮ್ಮ ಮನೆಯ ಉರ್ದುವಿನಲ್ಲಿ ಇಂತಹ ಹಣ್ಣಿಗೆ ‘ಪಿಲ್‌ಪಿಲಾ’ ಎನ್ನುತ್ತಾರೆ. ನನ್ನ ಮಾಮು ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾರೆ. ರಾತ್ರಿ ಅವರ ಲೆಕ್ಕದಲ್ಲಿ ಪಿಲ್‌ಪಿಲಾ ಎಷ್ಟು ಎಂಬುದೇ ಮೊದಲ ಪ್ರಶ್ನೆ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುವ ಟೊಮೆಟೊ ಗಟ್ಟಿಯಾಗಿರುತ್ತದೆ. ಅದು ಕೈಯಿಂದ ಕೈಗೆ ಹೋದಂತೆ ಗೋಡೆ ಸಡಿಲವಾಗುತ್ತದೆ. ಕೊನೆಯಲ್ಲಿ ಅತಿ ದುರ್ಬಲ ಗೋಡೆಯ ಸರಕು, ಶೀತಲಗೃಹವಿಲ್ಲದ, ಬಂಡವಾಳವಿಲ್ಲದ ವ್ಯಾಪಾರಿಯ ಕೈಯಲ್ಲಿ ಬಿಸಿಲಿನಲ್ಲಿ ನಿಂತಿರುತ್ತದೆ. ಹಾಳಾಗುವುದು ಪ್ರಕೃತಿ ನಿಯಮ, ಒಪ್ಪುತ್ತೇನೆ. ನಷ್ಟವೆಲ್ಲ ಕೊನೆಯವನ ಪಾಲಾಗುವುದು ಮಾತ್ರ ಪ್ರಕೃತಿ ನಿಯಮವಲ್ಲ, ನಮ್ಮ ವ್ಯವಸ್ಥೆ.

ವಿಜ್ಞಾನಿಗಳು ಗೋಡೆಯನ್ನು ಉಳಿಸಲು ಯತ್ನಿಸಿದ್ದಾರೆ. 1994ರಲ್ಲಿ ಅಮೆರಿಕದ ಕ್ಯಾಲ್ಜೀನ್ ಕಂಪನಿ ಪಾಲಿಗ್ಯಾಲಕ್ಟುರೊನೇಸ್ ಕಿಣ್ವವನ್ನು ತಗ್ಗಿಸಿದ ‘ಫ್ಲೇವರ್ ಸೇವರ್’ ಟೊಮೆಟೊ ಮಾರಾಟಕ್ಕೆ ತಂದಿತು. ಹಣ್ಣು ಎಣಿಸಿದಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಬೆಳೆಸುವ, ಸಾಗಿಸುವ ಖರ್ಚೂ ಹೆಚ್ಚಾಯಿತು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಮರೆಯಾಯಿತು. 2010ರಲ್ಲಿ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೇರೆ ಎರಡು ಕಿಣ್ವಗಳನ್ನು ತಗ್ಗಿಸಿ, ಟೊಮೆಟೊ ಕೆಡದೆ ಉಳಿಯುವ ಅವಧಿಯನ್ನು ಸುಮಾರು 30 ದಿನ ಹೆಚ್ಚಿಸಬಹುದೆಂದು ತೋರಿಸಿದರು. ಇದು ಹೆಮ್ಮೆಯ ವಿಷಯ. ಆದರೆ ಪ್ರಯೋಗಾಲಯದ ಫಲಿತಾಂಶ ತಳ್ಳುಗಾಡಿಗೆ ತಲುಪಲು ಬೀಜ, ಬೆಲೆ, ಸಾಗಣೆ ಎಲ್ಲವೂ ಕೂಡಿಬರಬೇಕು. ಅದು ಕಾಮರ್ಸ್ ಓದಿದವರ ಕೆಲಸ.

ಅಲ್ಲಿಯವರೆಗೆ ಗೊತ್ತಿರುವ ಉಪಾಯಗಳು ಸಾಕಷ್ಟಿವೆ. ತಂಪು ಕಿಣ್ವಗಳನ್ನು ನಿಧಾನಗೊಳಿಸುತ್ತದೆ. ಗೋಣಿಚೀಲದ ಬದಲು ಗಾಳಿಯಾಡುವ ಕ್ರೇಟ್ ಬಳಸಿದರೆ ಹಣ್ಣು ಜಜ್ಜುವುದು ಕಡಿಮೆ. ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ. ನಿಯಮಕ್ಕೆ ಒಳಪಟ್ಟ ಎಥಿಲೀನ್ ಕೊಠಡಿಗಳಿಗೆ ಅನುಮತಿಯಿದೆ. ದೊಡ್ಡ ವ್ಯಾಪಾರಿಗೆ ಸಿಗುವ ಶೀತಲ ಕೊಠಡಿಯಲ್ಲಿ ಒಂದು ಮೂಲೆ, ದಿನಬಾಡಿಗೆಗೆ, ಚಿಕ್ಕ ವ್ಯಾಪಾರಿಗೂ ಸಿಗಬೇಕು. ಮಾರುಕಟ್ಟೆ ಸಮಿತಿಗಳು ಇದನ್ನು ಸಬ್ಸಿಡಿಯಷ್ಟೇ ಗಂಭೀರವಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಾಲೇಜಿನಲ್ಲೂ ಒಂದು ಕೆಲಸ ಆಗಬಹುದು. ಜೀವಶಾಸ್ತ್ರದ ಅಧ್ಯಾಪಕರು ಕಾಮರ್ಸ್ ತರಗತಿಗೆ ಒಂದು ಪೀರಿಯಡ್ ಬಂದು ಈ ಗೋಡೆಯ ಪಾಠ ಮಾಡಲಿ. ಪ್ರತಿಯಾಗಿ ನಾವು ವಿಜ್ಞಾನದವರಿಗೆ ಒಂದು ಹಣ್ಣಿನ ಬೆಲೆ ಹೊಲದಿಂದ ಗಾಡಿಯವರೆಗೆ ಹೇಗೆ ಬದಲಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸುತ್ತೇವೆ. ಇನ್ನೊಂದು ವಿನಂತಿ ಎಲ್ಲರಿಗೂ. ಇಫ್ತಾರ್‌ಗಾಗಲಿ, ಹಬ್ಬಕ್ಕಾಗಲಿ ಹಣ್ಣು ಕೊಳ್ಳುವಾಗ ಹತ್ತು ಹಣ್ಣುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಎರಡನ್ನು ಮಾತ್ರ ಆರಿಸಬೇಡಿ. ಉಳಿದ ಎಂಟರ ಗೋಡೆ ಒಡೆದಿರುತ್ತದೆ, ಅದರ ಹಣ ಕೊಡುವವರು ಗಾಡಿಯ ಹಿಂದೆ ನಿಂತಿರುತ್ತಾರೆ.